ಸಮಾಧಿ ಕಲ್ಲಿನಲ್ಲಿ ಗಂಡನ ಹೆಸರಷ್ಟೇ ಇದೆ: ನೆಬ್ರಾಸ್ಕಾದ ಮುತ್ತಜ್ಜಿಯನ್ನು ಎಲ್ಲಿಂದ ಹುಡುಕಲಿ?

ಒಮಾಹಾ ಸೊಸೆ
ಎಲ್ಲರಿಗೂ ನಮಸ್ಕಾರ. ನನ್ನ ತವರು ಶಿರಸಿ. ಮದುವೆಯಾಗಿ ಬಂದಿದ್ದು ನೆಬ್ರಾಸ್ಕಾಕ್ಕೆ, ಗಂಡನ ಮನೆಯವರು ಇಲ್ಲಿಯವರೇ. ನಮ್ಮತ್ತೆಗೆ ಎಪ್ಪತ್ತು ದಾಟಿದೆ. ತಮ್ಮ ಅಜ್ಜಿಯ ತಾಯಿ ಯಾರು, ಹೇಗೆ ಬದುಕಿದರು ಅಂತ ತಿಳಿಯಬೇಕು ಅನ್ನೋದು ಅವರ ಬಹಳ ದಿನದ ಆಸೆ.

ಮನೆಯಲ್ಲಿ ಹೇಳಿಕೊಂಡು ಬಂದಿರೋದು ಇಷ್ಟು. ಆಕೆ ಸ್ವೀಡನ್‌ನಿಂದ ಚಿಕ್ಕ ವಯಸ್ಸಲ್ಲೇ ಬಂದವರು. ಇಲಿನಾಯ್‌ನಲ್ಲಿ ಮದುವೆ. ಗಂಡ ಅಂತರ್ಯುದ್ಧದಲ್ಲಿ ಉತ್ತರದವರ ಸೈನ್ಯದಲ್ಲಿದ್ದವರು. 1880ರ ದಶಕದಲ್ಲಿ ಗಾಡಿ ಕಟ್ಟಿಕೊಂಡು ನೆಬ್ರಾಸ್ಕಾದ ಕಸ್ಟರ್ ಕೌಂಟಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಬಂದರು. ಗಂಡ ಬೇಗ ತೀರಿಕೊಂಡರು, ಆಕೆ ಮಕ್ಕಳನ್ನು ಮಣ್ಣಿನ ಮನೆಯಲ್ಲಿ ಬೆಳೆಸಿದರು. ಅಷ್ಟೇ. ಊರಿನ ಸಮಾಧಿ ಕಲ್ಲಿನಲ್ಲಿ ‘ಇಂಥವರ ಹೆಂಡತಿ’ ಅಂತ ಕೆತ್ತಿದ್ದಾರೆ. ತವರಿನ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹಳೇ ಬೈಬಲ್ ಒಂದಿದೆ. ಆದರೆ ಹುಟ್ಟು, ಮದುವೆ, ಸಾವು ಬರೆದಿಡೋ ಹಾಳೆಗಳನ್ನೇ ಯಾರೋ ನೀಟಾಗಿ ಕತ್ತರಿಸಿ ತೆಗೆದಿದ್ದಾರೆ.

ಗಂಡಸರ ಕಡೆ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ. ಈಕೆಯ ಬಗ್ಗೆ ಹುಡುಕಿದರೆ ಏನೂ ಬರುತ್ತಿಲ್ಲ. ಹೆಸರುಗಳನ್ನು ಇಲ್ಲಿ ಹಾಕೋದು ಅತ್ತೆಗೆ ಇಷ್ಟವಿಲ್ಲ, ದಯವಿಟ್ಟು ಅರ್ಥ ಮಾಡಿಕೊಳ್ಳಿ. ದಾರಿ ಗೊತ್ತಿದ್ದವರು ಹೇಳಿ.

ಲೈಬ್ರರಿ ಅಕ್ಕ
ಒಳ್ಳೇ ಕೆಲಸಕ್ಕೆ ಕೈ ಹಾಕಿದ್ದೀರಿ ತಂಗಿ. ನಾನು ಇಲ್ಲಿನ ಒಂದು ಲೈಬ್ರರಿಯ ವಂಶಾವಳಿ ವಿಭಾಗದಲ್ಲಿ ಸ್ವಯಂಸೇವೆ ಮಾಡುತ್ತೇನೆ. ಹೆಂಗಸರನ್ನು ಹುಡುಕೋರಿಗೆಲ್ಲ ನಾನು ಹೇಳೋದು ಒಂದೇ. ಆಕೆಯ ಹೆಸರಲ್ಲಿ ಹುಡುಕೋದನ್ನು ಸ್ವಲ್ಪ ದಿನ ಬಿಟ್ಟುಬಿಡಿ. ಗಂಡ, ಮಕ್ಕಳು, ಪಕ್ಕದ ಹೊಲದವರು, ಚರ್ಚಿನವರು, ಇವರನ್ನು ಹಿಡಿಯಿರಿ. ಆಕೆಯ ಬದುಕು ಅವರ ಕಾಗದಪತ್ರಗಳ ಒಳಗೆ ಕೂತಿರುತ್ತದೆ.

ಮೊದಲು 1900ರ ಜನಗಣತಿ ನೋಡಿ. ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ವೆಬ್‌ಸೈಟಿನಲ್ಲಿ ದುಡ್ಡು ಕೊಡದೆ ಸಿಗುತ್ತದೆ. ಹೆಂಗಸರ ಮಟ್ಟಿಗೆ ಅಷ್ಟು ಒಳ್ಳೆಯ ಗಣತಿ ಇನ್ನೊಂದಿಲ್ಲ. ಹುಟ್ಟಿದ ತಿಂಗಳು ಮತ್ತು ವರ್ಷ, ಮದುವೆಯಾಗಿ ಎಷ್ಟು ವರ್ಷ, ಎಷ್ಟು ಮಕ್ಕಳನ್ನು ಹೆತ್ತರು, ಈಗ ಎಷ್ಟು ಬದುಕಿದ್ದಾರೆ, ಯಾವ ವರ್ಷ ಅಮೆರಿಕಕ್ಕೆ ಬಂದರು, ಓದು ಬರಹ ಬರುತ್ತದಾ, ಇಂಗ್ಲಿಷ್ ಮಾತಾಡುತ್ತಾರಾ, ಎಲ್ಲ ಕೇಳಿದ್ದಾರೆ. 1910ರಲ್ಲೂ ಮಕ್ಕಳ ಲೆಕ್ಕ ಇದೆ. ಆಮೇಲೆ 1920ರಲ್ಲಿ ಆ ಪ್ರಶ್ನೆ ಕೈಬಿಟ್ಟರು.

1890ರದ್ದಕ್ಕೆ ಕಾಯಬೇಡಿ. 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ದು ಬಹುಪಾಲು ಹಾಳಾಯಿತು, ಉಳಿದದ್ದನ್ನೂ ಆಮೇಲೆ ನಾಶ ಮಾಡಿದರು. ಆದರೆ 1890ರಲ್ಲೇ ಉತ್ತರದ ಸೈನ್ಯದ ಮಾಜಿ ಸೈನಿಕರು ಮತ್ತು ಅವರ ವಿಧವೆಯರ ಪಟ್ಟಿಯನ್ನು ಬೇರೆಯಾಗಿ ಮಾಡಿದ್ದರು. ನೆಬ್ರಾಸ್ಕಾದ ಪಟ್ಟಿ ಉಳಿದಿದೆ. ನಿಮ್ಮ ಅದೃಷ್ಟಕ್ಕೆ ನೆಬ್ರಾಸ್ಕಾದಲ್ಲಿ 1885ರಲ್ಲಿ ಇನ್ನೊಂದು ಗಣತಿಯೂ ಆಗಿತ್ತು. ಅದರ ಜೊತೆ ಆ ಹಿಂದಿನ ಒಂದು ವರ್ಷದಲ್ಲಿ ಸತ್ತವರ ಪಟ್ಟಿಯೂ ಇದೆ, ಅದನ್ನು ಬಿಡಬೇಡಿ.

ತವರಿನ ಹೆಸರು ಬೇಕು ಅಂದರೆ ಮಕ್ಕಳ ಮದುವೆ ದಾಖಲೆ ತೆಗೆಸಿ. ನೆಬ್ರಾಸ್ಕಾದ ಕೌಂಟಿ ಮದುವೆ ಪುಸ್ತಕಗಳಲ್ಲಿ ಹುಡುಗ ಹುಡುಗಿ ಇಬ್ಬರ ತಂದೆ ತಾಯಿಯ ಹೆಸರೂ ಬರೆಯುತ್ತಿದ್ದರು. ತಾಯಿಯದ್ದು ಸಾಮಾನ್ಯವಾಗಿ ತವರಿನ ಹೆಸರೇ ಇರುತ್ತದೆ. ಒಬ್ಬ ಮಗನದ್ದು ಮಾತ್ರ ನೋಡಿ ಸುಮ್ನಾಗಬೇಡಿ, ಎಲ್ಲ ಮಕ್ಕಳದ್ದೂ ನೋಡಿ. ಒಂದರಲ್ಲಿ ಕಾಗುಣಿತ ಕೆಟ್ಟಿದ್ದರೆ ಇನ್ನೊಂದರಲ್ಲಿ ಸರಿ ಇರುತ್ತದೆ. ಜನನ ದಾಖಲೆ ಹುಡುಕಿ ಸಮಯ ಕಳೆಯೋದು ಬೇಡ. ಇಡೀ ರಾಜ್ಯದಲ್ಲಿ ಜನನ ಮರಣ ನೋಂದಣಿ ಶುರುವಾಗಿದ್ದೇ 1904ರ ಸುಮಾರಿಗೆ.

ಹಾಸನದ ಸರ್ವೇಯರ್
ಮೇಡಂ, ಕಸ್ಟರ್ ಕೌಂಟಿ, 1880ರ ದಶಕ ಅಂದರೆ ಅದು ಹೋಮ್‌ಸ್ಟೆಡ್ ಜಮೀನೇ ಇರಬೇಕು. ನಾನು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಮಗಳ ಮನೆಗೆ ಅಮೆರಿಕಕ್ಕೆ ಬಂದಾಗ ಇವರ ಭೂದಾಖಲೆ ನೋಡಿ ಆಸಕ್ತಿ ಹುಟ್ಟಿತು.

ನಮ್ಮಲ್ಲಿ ದರಖಾಸ್ತು ಜಮೀನು ಅಂತೀವಲ್ಲ, ಹೆಚ್ಚುಕಡಿಮೆ ಅದೇ ಥರ. 1862ರ ಕಾಯ್ದೆ. ಅರ್ಜಿ ಹಾಕಿದವರಿಗೆ 160 ಎಕರೆ ವರೆಗೆ. ಐದು ವರ್ಷ ಅಲ್ಲೇ ವಾಸ ಇರಬೇಕು, ಮನೆ ಕಟ್ಟಬೇಕು, ಸಾಗುವಳಿ ಮಾಡಬೇಕು. ಆಮೇಲೆ ಸಾಕ್ಷಿ ಕೊಟ್ಟರೆ ಹಕ್ಕುಪತ್ರ. 21 ವರ್ಷ ತುಂಬಿದವರು ಅಥವಾ ಮನೆಯ ಯಜಮಾನರು ಹಾಕಬಹುದಿತ್ತು. ಮದುವೆಯಾಗದ ಹೆಂಗಸರು, ವಿಧವೆಯರು ತಮ್ಮ ಹೆಸರಲ್ಲೇ ಹಾಕಬಹುದಿತ್ತು. ಗಂಡನ ಜೊತೆ ಸಂಸಾರ ಮಾಡುತ್ತಿದ್ದವರಿಗೆ ಸಾಮಾನ್ಯವಾಗಿ ಆ ಅವಕಾಶ ಇರಲಿಲ್ಲ. ಇಲ್ಲಿ ಒಂದು ಮುಖ್ಯ ವಿಷಯ. ಗಂಡ ಅರ್ಜಿ ಹಾಕಿ ಅವಧಿ ಮುಗಿಯೋ ಮುಂಚೆ ತೀರಿಕೊಂಡರೆ ಹೆಂಡತಿ ಅದನ್ನು ಮುಂದುವರಿಸಿ ಹಕ್ಕುಪತ್ರವನ್ನು ತನ್ನ ಹೆಸರಿಗೇ ಪಡೆಯಬಹುದಿತ್ತು.

ಅಲ್ಲಿನ ಕೇಂದ್ರ ಭೂ ಇಲಾಖೆಯ ವೆಬ್‌ಸೈಟಿನಲ್ಲಿ ಹಕ್ಕುಪತ್ರಗಳ ಚಿತ್ರ ಉಚಿತವಾಗಿ ಸಿಗುತ್ತದೆ. ಗಂಡನ ಹೆಸರಲ್ಲಿ ಮಾತ್ರ ಅಲ್ಲ, ಆಕೆಯ ಹೆಸರಲ್ಲೂ ಹುಡುಕಿ. ಸಿಕ್ಕರೆ ಟೌನ್‌ಶಿಪ್, ರೇಂಜ್, ಸೆಕ್ಷನ್ ನಂಬರ್ ಇಲ್ಲಿ ಹೇಳಿ. ಒಂದು ಟೌನ್‌ಶಿಪ್ ಆರು ಮೈಲಿ ಚೌಕ, ಅದರೊಳಗೆ 36 ಸೆಕ್ಷನ್, ಒಂದು ಸೆಕ್ಷನ್ 640 ಎಕರೆ, ಅದರ ಕಾಲು ಭಾಗವೇ 160. ನಕ್ಷೆ ಮೇಲೆ ಕೂರಿಸಿ ಕೊಡುತ್ತೇನೆ.

ಒಮಾಹಾ ಸೊಸೆ
ಅಕ್ಕ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎರಡೂ ಸಿಕ್ಕವು!

1900ರ ಗಣತಿಯಲ್ಲಿ ಆಕೆಯೇ ಮನೆಯ ಯಜಮಾನಿ ಅಂತ ಬರೆದಿದ್ದಾರೆ. ವಿಧವೆ. 1851ರಲ್ಲಿ ಹುಟ್ಟಿದ್ದು, 1869ರಲ್ಲಿ ಸ್ವೀಡನ್‌ನಿಂದ ಬಂದಿದ್ದು. ಓದೋಕೆ ಬರೆಯೋಕೆ ಬರುತ್ತದೆ. ಎಂಟು ಮಕ್ಕಳನ್ನು ಹೆತ್ತಿದ್ದಾರೆ, ಬದುಕಿದ್ದವರು ಐದು. ಅತ್ತೆಗೆ ಗೊತ್ತಿದ್ದಿದ್ದು ಆ ಐದು ಜನ ಮಾತ್ರ. ಇನ್ನೂ ಮೂರು ಮಕ್ಕಳಿದ್ದರು ಅಂತ ಓದಿ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಹಕ್ಕುಪತ್ರ ಆಕೆಯ ಹೆಸರಲ್ಲೇ ಇದೆ ಸರ್, ‘ಇಂಥವರ ವಿಧವೆ’ ಅಂತ. ನಂಬರುಗಳನ್ನು ನಿಮಗೆ ಮೆಸೇಜ್ ಮಾಡಿದ್ದೇನೆ.

ಲೈಬ್ರರಿ ಅಕ್ಕ
ಹಾಗಾದರೆ ಈಗ ಹಕ್ಕುಪತ್ರಕ್ಕೆ ನಿಲ್ಲಬೇಡಿ. ಅದು ಒಂದು ಹಾಳೆ ಅಷ್ಟೇ. ಅದರ ಹಿಂದೆ ಒಂದು ಪೂರ್ತಿ ಫೈಲ್ ಇರುತ್ತದೆ, ಅಸಲಿ ವಿಷಯ ಇರೋದು ಅಲ್ಲಿ. ಮೂಲ ಫೈಲುಗಳು ವಾಷಿಂಗ್ಟನ್‌ನ ರಾಷ್ಟ್ರೀಯ ದಾಖಲೆ ಭಂಡಾರದವು. ನೆಬ್ರಾಸ್ಕಾದ ಹೋಮ್‌ಸ್ಟೆಡ್ ಫೈಲುಗಳನ್ನು ಸ್ಕ್ಯಾನ್ ಮಾಡಿದ್ದಾರೆ. ನೀವು ಒಮಾಹಾದಲ್ಲೇ ಇದ್ದೀರಿ, ಬಿಯಾಟ್ರಿಸ್ ಊರಿನ ಹತ್ತಿರ ಹೋಮ್‌ಸ್ಟೆಡ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಇದೆ, ಅಲ್ಲಿ ಹೋಗಿಯೂ ನೋಡಬಹುದು. ಅತ್ತೆಯನ್ನೂ ಕರೆದುಕೊಂಡು ಹೋಗಿ.

ಫೈಲಿನಲ್ಲಿ ಅರ್ಜಿ, ಶುಲ್ಕದ ರಸೀದಿ, ಪೇಪರಿನಲ್ಲಿ ಕೊಟ್ಟ ಪ್ರಕಟಣೆ, ಆಕೆಯ ಹೇಳಿಕೆ, ಇಬ್ಬರು ಅಕ್ಕಪಕ್ಕದವರ ಸಾಕ್ಷಿ ಇರುತ್ತದೆ. ಪ್ರಕಟಣೆಯಲ್ಲಿ ನಾಲ್ಕು ಜನ ಸಾಕ್ಷಿಗಳ ಹೆಸರು ಹಾಕಬೇಕಿತ್ತು. ಆ ನಾಲ್ಕು ಹೆಸರನ್ನು ಬರೆದಿಟ್ಟುಕೊಳ್ಳಿ. ಕಷ್ಟಕಾಲದಲ್ಲಿ ಆಕೆ ನಂಬಿದ್ದವರು ಅವರು. ಬ್ರೋಕನ್ ಬೋ ಊರಿನ ಹಳೇ ಪತ್ರಿಕೆ ‘ಕಸ್ಟರ್ ಕೌಂಟಿ ರಿಪಬ್ಲಿಕನ್’ ಆನ್‌ಲೈನ್‌ನಲ್ಲಿ ಓದಬಹುದು. ಅದರಲ್ಲಿ ಆ ನಾಲ್ವರ ಹೆಸರಲ್ಲೂ ಹುಡುಕಿ. ‘ವಿಧವೆ ಇಂಥವರ ಹೊಲದಲ್ಲಿ’ ಅಂತ ಪಕ್ಕದ ಮನೆಯವನ ಸುದ್ದಿಯ ಕೊನೆಗೆ ಒಂದು ಸಾಲು ಬಂದಿರಬಹುದು.

ಮಿನಿಯಾಪೊಲಿಸ್ ಹುಡುಗ
ಅಕ್ಕ, ಇಷ್ಟೆಲ್ಲ ಯಾಕೆ? ಆನ್‌ಲೈನ್‌ನಲ್ಲಿ ಜನ ಹಾಕಿರೋ ವಂಶವೃಕ್ಷಗಳಲ್ಲಿ ಹುಡುಕಿದರೆ ಸಿಕ್ಕೇ ಸಿಗುತ್ತದೆ. ಇಲ್ಲಾ ಅಂದ್ರೆ ಡಿಎನ್‌ಎ ಟೆಸ್ಟ್ ಮಾಡಿಸಿ.

ಲೈಬ್ರರಿ ಅಕ್ಕ
ಡಿಎನ್‌ಎ ಬೇಡ ಅನ್ನಲ್ಲ ತಮ್ಮ. ಇದು ತಾಯಿಯಿಂದ ಮಗಳಿಗೆ ಬಂದ ನೇರ ಸಾಲು, ಹಾಗಾಗಿ ಅತ್ತೆಯವರೇ ಮಾಡಿಸಿದರೆ ಉಪಯೋಗವಿದೆ. ಮೊಮ್ಮಗ ಮಾಡಿಸೋದಕ್ಕಿಂತ ಹಿರಿಯರು ಮಾಡಿಸೋದು ಯಾವಾಗಲೂ ಮೇಲು.

ವಂಶವೃಕ್ಷದ ಮಾತಿಗೆ ಮಾತ್ರ ನನ್ನ ತಕರಾರು ಇದೆ. ಆ ಕಾಲದ ಸ್ವೀಡನ್‌ನ ಹಳ್ಳಿಗಳಲ್ಲಿ ಬಹಳಷ್ಟು ಜನಕ್ಕೆ ಮನೆತನದ ಹೆಸರು ಇರಲಿಲ್ಲ. ಆಂಡೆರ್ಸ್‌ನ ಮಗಳು ಆಂಡೆರ್ಸ್‌ಡಾಟರ್. ಒಂದೇ ಹೆಸರಿನ, ಒಂದೇ ವಯಸ್ಸಿನ ಹುಡುಗಿಯರು ಒಂದೊಂದು ಜಿಲ್ಲೆಯಲ್ಲೂ ರಾಶಿ ಇದ್ದರು. ಯಾರೋ ಒಬ್ಬರು ಅಂದಾಜಿಗೆ ಒಂದು ಅಪ್ಪನನ್ನು ಸೇರಿಸಿದರೆ ನೂರು ಜನ ಅದನ್ನೇ ನಕಲು ಮಾಡುತ್ತಾರೆ. ನೂರು ಕಡೆ ಇದೆ ಅಂದ ಮಾತ್ರಕ್ಕೆ ನೂರು ಸಾಕ್ಷಿ ಆಗಲ್ಲ. ಸುಳಿವು ಅಂತ ಇಟ್ಟುಕೊಳ್ಳಿ, ಮೂಲ ಪುಟ ನೋಡೋ ತನಕ ನಂಬಬೇಡಿ.

ಧಾರವಾಡದ ಓದುಗ
ಚರ್ಚೆ ಚೆನ್ನಾಗಿ ನಡೆದಿದೆ. ಒಂದು ವಿಷಯ ಸೇರಿಸಬೇಕು ಅನ್ನಿಸಿತು. ಆ 160 ಎಕರೆ ಖಾಲಿ ಬಿದ್ದಿದ್ದ ಜಾಗವಲ್ಲ. ಲೂಪ್ ನದಿಯ ಆ ಸೀಮೆ ಪಾನಿ ಅನ್ನುವ ಮೂಲನಿವಾಸಿ ಜನರದ್ದು. 1857ರ ಒಪ್ಪಂದದಲ್ಲಿ ಅವರ ಉಳಿದ ಭೂಮಿಯಲ್ಲಿ ಹೆಚ್ಚಿನದ್ದು ಹೋಯಿತು, ಒಂದು ಸಣ್ಣ ಮೀಸಲು ಪ್ರದೇಶ ಉಳಿಯಿತು. 1870ರ ದಶಕದಲ್ಲಿ ಅದನ್ನೂ ಬಿಟ್ಟು ಈಗಿನ ಒಕ್ಲಹೋಮಾಕ್ಕೆ ಹೋಗಬೇಕಾಯಿತು. ನಿಮ್ಮ ಮುತ್ತಜ್ಜಿ ಬಂದಿದ್ದು ಅದಾದ ಕೆಲವೇ ವರ್ಷಕ್ಕೆ. ಆಕೆಯ ಕಷ್ಟ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಕುಟುಂಬದ ಕಥೆ ಬರೆದಿಡುವಾಗ ಇದನ್ನೂ ಬರೆದರೆ ಕಥೆ ಪೂರ್ತಿ ಆಗುತ್ತದೆ.

ಒಮಾಹಾ ಸೊಸೆ
ಖಂಡಿತ ಬರೆಯುತ್ತೇನೆ ಸರ್. ಗಂಡನಿಗೂ ತೋರಿಸಿದೆ. ಶಾಲೆಯಲ್ಲಿ ಪಾನಿ ಜನರ ಬಗ್ಗೆ ಓದಿದ್ದರಂತೆ, ಆದರೆ ಅದನ್ನು ತಮ್ಮ ಮನೆಯ ಹೊಲದ ಜೊತೆ ಸೇರಿಸಿ ಯಾವತ್ತೂ ಯೋಚನೆ ಮಾಡಿರಲಿಲ್ಲ ಅಂದರು. ಮೊದಲ ಪುಟದಲ್ಲೇ ಬರಲಿ ಅಂತ ಅತ್ತೆ ಹೇಳಿದ್ದಾರೆ.

ಒಮಾಹಾ ಸೊಸೆ
ಫೈಲ್ ಸಿಕ್ಕಿತು! ಅತ್ತೆಯೂ ನಾನೂ ಜೊತೆಗೆ ಕೂತು ಓದಿದೆವು. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಗಂಡ ಅರ್ಜಿ ಹಾಕಿದ್ದು 1883ರಲ್ಲಿ. 1886ರಲ್ಲಿ ತೀರಿಕೊಂಡಿದ್ದಾರೆ. ಆಗ ಆಕೆ ಬಸುರಿ. ಹೊಟ್ಟೆಯಲ್ಲಿದ್ದ ಆ ಮಗುವೇ ನಮ್ಮತ್ತೆಯ ಅಜ್ಜಿ! ಅಪ್ಪ ಸತ್ತ ಮೇಲೆ ಹುಟ್ಟಿದವರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

1890ರಲ್ಲಿ ಆಕೆ ಕೊಟ್ಟ ಹೇಳಿಕೆ ಪ್ರಶ್ನೋತ್ತರದ ರೂಪದಲ್ಲಿದೆ. ಪ್ರಶ್ನೆ ಅಚ್ಚಾಗಿದೆ, ಉತ್ತರ ಗುಮಾಸ್ತರ ಕೈಬರಹ. ಮನೆ ಹೇಗಿದೆ ಅಂದರೆ, ಹುಲ್ಲಿನ ಬೇರು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಯ ಮನೆ, 16 ಅಡಿ 24 ಅಡಿ, ಒಂದು ಬಾಗಿಲು, ಎರಡು ಕಿಟಕಿ, ಹಲಗೆಯ ನೆಲ. ದನದ ಕೊಟ್ಟಿಗೆಯೂ ಮಣ್ಣಿನದ್ದೇ. ಒಂದು ಬಾವಿ. ಉತ್ತ ಜಮೀನು 45 ಎಕರೆ, ಮೆಕ್ಕೆಜೋಳ ಮತ್ತು ಗೋಧಿ. ಎರಡು ಹಸು, ಒಂದು ಜೊತೆ ಕುದುರೆ, ಕೋಳಿಗಳು.

ಆಮೇಲೆ ಒಂದು ಪ್ರಶ್ನೆ: ಈ ಅವಧಿಯಲ್ಲಿ ಜಾಗ ಬಿಟ್ಟು ಬೇರೆ ಕಡೆ ಇದ್ದಿರಾ? ಹೌದು ಅಂದಿದ್ದಾರೆ. ಗಂಡ ಸತ್ತ ಮುಂದಿನ ವರ್ಷದ ಚಳಿಗಾಲ ಬ್ರೋಕನ್ ಬೋದ ಒಂದು ಹೋಟೆಲಿನಲ್ಲಿ ಬಟ್ಟೆ ಒಗೆಯೋ ಕೆಲಸ ಮಾಡಿದರಂತೆ. ರೈಲು ಆ ಊರಿಗೆ ಬಂದಿದ್ದು 1886ರಲ್ಲಿ, ಹಾಗಾಗಿ ಆಗ ಅಲ್ಲಿ ಕೆಲಸ ಇದ್ದಿರಬೇಕು. ಕೈಗೂಸನ್ನು ಜೊತೆಗೆ ಕರೆದುಕೊಂಡು ಹೋಗಿದ್ದರು. ಉಳಿದ ಮಕ್ಕಳು ಪಕ್ಕದ ಹೊಲದವರ ಮನೆಯಲ್ಲಿ. ಹಿರಿಯ ಮಗ ಮಾತ್ರ ಮಣ್ಣಿನ ಮನೆಯಲ್ಲೇ ಉಳಿದು ದನ ನೋಡಿಕೊಂಡ. ಅವನಿಗೆ ಆಗ ಹದಿನಾಲ್ಕು. ಬೀಜಕ್ಕೆ ದುಡ್ಡು ಬೇಕಿತ್ತು, ವಸಂತದಲ್ಲಿ ಬಿತ್ತನೆಗೆ ವಾಪಸ್ ಬಂದೆ ಅಂತ ಹೇಳಿದ್ದಾರೆ.

ಕೊನೆಗೆ ಆಕೆಯ ಸಹಿ. ಅಕ್ಷರಗಳು ಬಿಡಿಬಿಡಿ, ಒತ್ತಿ ಬರೆದಿದ್ದಾರೆ. ಅತ್ತೆ ಆ ಪುಟದ ಪ್ರಿಂಟ್ ತೆಗೆಸಿಕೊಂಡರು.

ಇದು ಓದಿದ ಮೇಲೆ ನನಗೆ ಒಂದು ಯೋಚನೆ ಬಂತು. 1888ರ ಜನವರಿ 12ರ ಹಿಮಬಿರುಗಾಳಿ ಬಗ್ಗೆ ನೆಬ್ರಾಸ್ಕಾದಲ್ಲಿ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಹಿತವಾಗಿದ್ದ ಹವೆ ನೋಡನೋಡುತ್ತಾ ಬದಲಾಗಿ, ಶಾಲೆಯಿಂದ ಮನೆಗೆ ಹೊರಟ ಎಷ್ಟೋ ಮಕ್ಕಳು ಸತ್ತರು. ಆವತ್ತು ಈಕೆ ಬ್ರೋಕನ್ ಬೋದಲ್ಲೇ ಇದ್ದಿರಬೇಕು, ಹಿರಿಯ ಮಗ ಆ ಮಣ್ಣಿನ ಮನೆಯಲ್ಲಿ, ಉಳಿದ ಮಕ್ಕಳಲ್ಲಿ ಕೆಲವರು ಶಾಲೆ ವಯಸ್ಸಿನವರು. ಆ ದಿನದ ಬಗ್ಗೆ ಫೈಲಿನಲ್ಲಿ ಒಂದು ಅಕ್ಷರವೂ ಇಲ್ಲ. ಇರಬೇಕಾಗಿಯೂ ಇಲ್ಲ, ಅದು ಜಮೀನಿನ ಫೈಲು. ಆದರೂ ಮನಸ್ಸು ಅಲ್ಲಿಗೇ ಹೋಗುತ್ತದೆ.

ಹಾಸನದ ಸರ್ವೇಯರ್
ಓದಿ ಕಣ್ಣು ತುಂಬಿತು ಮೇಡಂ. ನಕ್ಷೆ ಕಳಿಸಿದ್ದೇನೆ ನೋಡಿ. ಜಾಗ ಮಿಡ್ಲ್ ಲೂಪ್ ನದಿಯ ದಕ್ಷಿಣಕ್ಕೆ, ಗುಡ್ಡದ ಸೀಮೆ. ಸಾಲಮನ್ ಬುಚರ್ ಅನ್ನುವ ಫೋಟೋಗ್ರಾಫರ್ 1886ರಿಂದ ಇದೇ ಕೌಂಟಿಯಲ್ಲಿ ಮನೆ ಮನೆಗೆ ಹೋಗಿ, ಮಣ್ಣಿನ ಮನೆಗಳ ಮುಂದೆ ಕುಟುಂಬಗಳನ್ನು ನಿಲ್ಲಿಸಿ ಫೋಟೋ ತೆಗೆದಿದ್ದಾರೆ. ಕ್ರಿಸ್‌ಮನ್ ಮನೆತನದ ನಾಲ್ಕು ಜನ ಅಕ್ಕತಂಗಿಯರು ತಮ್ಮ ಮಣ್ಣಿನ ಮನೆ ಮುಂದೆ ನಿಂತಿರುವ ಚಿತ್ರ ಬಹಳ ಪ್ರಸಿದ್ಧ. ಗಾಜಿನ ನೆಗೆಟಿವ್‌ಗಳು ಲಿಂಕನ್ ನಗರದಲ್ಲಿ ರಾಜ್ಯದ ಇತಿಹಾಸ ಸಂಸ್ಥೆಯಲ್ಲಿವೆ. ನಿಮ್ಮ ಸಾಕ್ಷಿಗಳ ಹೆಸರಲ್ಲೂ ಒಮ್ಮೆ ಅಲ್ಲಿ ಹುಡುಕಿ.

ಲೈಬ್ರರಿ ಅಕ್ಕ
ತಂಗಿ, ಬೈಬಲ್ ಹಾಳೆ ಕತ್ತರಿಸಿದೆ ಅಂದಿರಲ್ಲ. ಅದು ಎಲ್ಲಿ ಹೋಯಿತು ಅಂತ ನನಗೊಂದು ಅನುಮಾನ ಇದೆ. 1890ರ ಜೂನ್‌ನಲ್ಲಿ ಹೊಸ ಪಿಂಚಣಿ ಕಾಯ್ದೆ ಬಂತು. ಅದಕ್ಕೆ ಮುಂಚೆ ಗಂಡ ಯುದ್ಧದ ಗಾಯದಿಂದಲೋ ಸೈನ್ಯದಲ್ಲಿ ಹತ್ತಿದ ಕಾಯಿಲೆಯಿಂದಲೋ ಸತ್ತಿದ್ದರೆ ಮಾತ್ರ ಹೆಂಡತಿಗೆ ಪಿಂಚಣಿ. ಆಮೇಲೆ 90 ದಿನ ಸೇವೆ ಮಾಡಿದ್ದವರ ವಿಧವೆ, ದುಡಿದು ತಿನ್ನೋ ಬಡವಿ ಅಂದರೆ ಸಾಕು, ತಿಂಗಳಿಗೆ 8 ಡಾಲರ್, 16 ವರ್ಷದೊಳಗಿನ ಪ್ರತಿ ಮಗುವಿಗೆ ಇನ್ನೂ 2 ಡಾಲರ್.

ಆದರೆ ಮದುವೆ ಆಗಿದ್ದಕ್ಕೆ, ಮಕ್ಕಳು ಹುಟ್ಟಿದ ದಿನಕ್ಕೆ ಪುರಾವೆ ಕೇಳುತ್ತಿದ್ದರು. ಜನನ ದಾಖಲೆ ಎಲ್ಲಿತ್ತು? ಎಷ್ಟೋ ಹೆಂಗಸರು ಬೈಬಲ್ ಹಾಳೆಯನ್ನೇ ಕತ್ತರಿಸಿ ಕಳಿಸಿಬಿಟ್ಟರು. ಅವು ಇವತ್ತಿಗೂ ಫೈಲಿನಲ್ಲಿ ಇವೆ. ಗಂಡನ ಹೆಸರಲ್ಲಿ ಪಿಂಚಣಿ ಸೂಚಿ ನೋಡಿ, ವಿಧವೆಯ ಅರ್ಜಿ ನಂಬರ್ ಇದ್ದರೆ ರಾಷ್ಟ್ರೀಯ ದಾಖಲೆ ಭಂಡಾರಕ್ಕೆ ಬರೆದು ಪೂರ್ತಿ ಫೈಲ್ ತರಿಸಿ. ಆಯ್ದ ಪುಟ ಅಲ್ಲ, ಪೂರ್ತಿ.

ಒಮಾಹಾ ಸೊಸೆ
ಅಕ್ಕ, ನಿಮ್ಮ ಅನುಮಾನ ನಿಜ. ಫೈಲಿನ ಸ್ಕ್ಯಾನ್ ಬಂತು. ಹಾಳೆಗಳು ಅದರಲ್ಲಿವೆ. ಎಂಟೂ ಮಕ್ಕಳ ಹೆಸರು ಇದೆ. ಇಬ್ಬರು ಇಲಿನಾಯ್‌ನಲ್ಲೇ ಒಂದೇ ವಾರದಲ್ಲಿ ತೀರಿಕೊಂಡಿದ್ದಾರೆ, ಇನ್ನೊಂದು ಮಗು ಇಲ್ಲಿಗೆ ಬಂದ ಮೊದಲ ವರ್ಷ. ಹೆರಿಗೆ ಮಾಡಿಸಿದ ಪಕ್ಕದ ಹೊಲದ ಹೆಂಗಸಿನ ಪ್ರಮಾಣಪತ್ರ ಇದೆ. ‘ಆಕೆ ಮರುಮದುವೆ ಆಗಿಲ್ಲ, ತನ್ನ ಕೈ ದುಡಿಮೆಯಲ್ಲೇ ಬದುಕುತ್ತಿದ್ದಾಳೆ’ ಅಂತ ಊರಿನವರ ಸಾಕ್ಷಿ ಇದೆ. ಮದುವೆ ಸಾಲಿನಲ್ಲಿ ಆಕೆಯ ಪೂರ್ತಿ ಹೆಸರು, ತಂದೆಯ ಹೆಸರಿನ ಜೊತೆ. ಹುಟ್ಟಿದ ದಿನ, ಸ್ವೀಡನ್‌ನ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಸೀಮೆ) ಹೆಸರೂ ಇದೆ. ಅತ್ತೆ ಅದನ್ನು ಜೋರಾಗಿ ಓದಿ ಹೇಳಿದರು.

ಮುಂದೆ ಸ್ವೀಡನ್ ಕಡೆ ಹೇಗೆ ಹೋಗೋದು?

ಗೊಥೆನ್‌ಬರ್ಗ್ ಕನ್ನಡಿಗ
ಪ್ಯಾರಿಷ್ ಮತ್ತು ಹುಟ್ಟಿದ ದಿನ ಸಿಕ್ಕಿದೆ ಅಂದರೆ ಕಷ್ಟದ ಭಾಗ ಮುಗಿಯಿತು ಮೇಡಂ. ಇಲ್ಲಿನ ಚರ್ಚ್ ಪುಸ್ತಕಗಳ ಸ್ಕ್ಯಾನ್ ಸ್ವೀಡನ್‌ನ ರಾಷ್ಟ್ರೀಯ ದಾಖಲೆ ಭಂಡಾರದ ಸೈಟಿನಲ್ಲಿ ಉಚಿತ. ಮೊದಲು ಜನನ ಪುಸ್ತಕ, ಆಮೇಲೆ ಮನೆಮನೆಯ ಪುಸ್ತಕ. ಪಾದ್ರಿಗಳು ಪ್ರತಿ ಮನೆಯವರನ್ನೂ ಕರೆದು ಓದಿಸಿ, ಧರ್ಮಪಾಠ ಕೇಳಿ ಗುರುತು ಹಾಕುತ್ತಿದ್ದರು. ಮನೆಯಲ್ಲಿ ಯಾರ್‍ಯಾರಿದ್ದರು, ಯಾವಾಗ ಯಾವ ಊರಿಗೆ ಹೋದರು, ಸಿಡುಬಿನ ಚುಚ್ಚುಮದ್ದು ಆಗಿದೆಯಾ ಅನ್ನೋದೂ ಬರೆದಿದ್ದಾರೆ. ಹೆಂಗಸರ ಹೆಸರನ್ನು ಅಲ್ಲಿ ಮದುವೆಯಾದ ಮೇಲೂ ಬದಲಿಸುತ್ತಿರಲಿಲ್ಲ, ಹಾಗಾಗಿ ಆಕೆಯ ತಾಯಿ, ಅಜ್ಜಿಯನ್ನು ಹುಡುಕೋದು ಅಮೆರಿಕಕ್ಕಿಂತ ಸುಲಭ.

1869 ಅಂತ ಹೇಳಿದ್ದೀರಿ. ಅದಕ್ಕೆ ಹಿಂದಿನ ಎರಡು ವರ್ಷ ಇಲ್ಲಿ ಭೀಕರ ಬರಗಾಲ. ಒಂದು ವರ್ಷ ಚಳಿಗೆ ಬೆಳೆ ಹೋಯಿತು, ಮುಂದಿನ ವರ್ಷ ಮಳೆ ಇಲ್ಲದೆ ಹೋಯಿತು. ಹದಿನೆಂಟು ವರ್ಷದ ಹುಡುಗಿ ಒಬ್ಬಳೇ ಹೊರಟಿದ್ದಕ್ಕೆ ಅದೇ ಕಾರಣ ಇರಬಹುದು. ಹೆಚ್ಚಿನವರು ನಮ್ಮ ಈ ಊರಿನ ಬಂದರಿನಿಂದ ಇಂಗ್ಲೆಂಡಿನ ಹಲ್‌ಗೆ ಹಡಗು, ಅಲ್ಲಿಂದ ಲಿವರ್‌ಪೂಲ್‌ಗೆ ರೈಲು, ಮತ್ತೆ ಅಮೆರಿಕದ ಹಡಗು ಹತ್ತುತ್ತಿದ್ದರು. ಇಲ್ಲಿನ ಪೊಲೀಸರು ಇಟ್ಟಿದ್ದ ವಲಸಿಗರ ಪಟ್ಟಿ ಶುರುವಾಗೋದು 1869ರಿಂದಲೇ. ಹಳೇ ಸ್ವೀಡಿಷ್ ಕೈಬರಹ ಓದೋಕೆ ನಾನು ಸಹಾಯ ಮಾಡುತ್ತೇನೆ, ಪುಟದ ಚಿತ್ರ ಕಳಿಸಿ.

ಇಲಿನಾಯ್‌ನ ರಾಕ್ ಐಲೆಂಡ್‌ನಲ್ಲಿ ಅಗಸ್ಟಾನಾ ಕಾಲೇಜಿನ ಸ್ವೆನ್ಸನ್ ಕೇಂದ್ರ ಇದೆ. ಅಮೆರಿಕದ ಸ್ವೀಡಿಷ್ ಚರ್ಚುಗಳ ದಾಖಲೆಗಳ ಮೈಕ್ರೋಫಿಲ್ಮ್ ಅಲ್ಲಿದೆ. ಮದುವೆ ಅಲ್ಲೇ ಆಗಿದ್ದರಿಂದ ಅವರಿಗೂ ಬರೆಯಿರಿ.

ಸಾಗರದ ಮಗಳು
ನಾನು ಈ ಚರ್ಚೆಯನ್ನು ಮೊದಲಿಂದ ಓದುತ್ತಿದ್ದೇನೆ. ನನ್ನ ಗಂಡನ ಕಡೆಯ ಅಜ್ಜಿಯೊಬ್ಬರು ಮದುವೆಗೆ ಮುಂಚೆ ನೆಬ್ರಾಸ್ಕಾದ ಪಶ್ಚಿಮದಲ್ಲಿ ಒಬ್ಬರೇ ಜಮೀನು ಮಾಡಿದ್ದರು ಅಂತ ಮನೆಯಲ್ಲಿ ಹೇಳುತ್ತಾರೆ. ಹಕ್ಕುಪತ್ರ ಹುಡುಕಿದೆ, ಏನೂ ಇಲ್ಲ. ಹಾಗಾದರೆ ಅದು ಸುಮ್ನೆ ಕಥೆನಾ?

ಲೈಬ್ರರಿ ಅಕ್ಕ
ಕಥೆ ಅಂತ ಈಗಲೇ ತೀರ್ಮಾನ ಮಾಡಬೇಡಮ್ಮ. ಹಕ್ಕುಪತ್ರ ಸಿಗೋದು ಕೊನೆ ತನಕ ನಿಂತವರಿಗೆ ಮಾತ್ರ. 1890ರ ದಶಕದ ಬರದಲ್ಲಿ ಎಷ್ಟೋ ಜನ ಬಿಟ್ಟು ಹೋದರು. ಕೆಲವರು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ದುಡ್ಡು ತಗೊಂಡರು, ಮದುವೆಯಾದಾಗ ಬಿಟ್ಟವರೂ ಇದ್ದಾರೆ. ಅಂಥವರ ಹೆಸರು ಆ ವೆಬ್‌ಸೈಟಿನಲ್ಲಿ ಬರಲ್ಲ. ಆದರೆ ಅರ್ಜಿ ಹಾಕಿದ ಪ್ರತಿಯೊಬ್ಬರ ಹೆಸರನ್ನೂ ಭೂ ಕಚೇರಿಯ ಟ್ರ್ಯಾಕ್ಟ್ ಪುಸ್ತಕದಲ್ಲಿ ಬರೆದಿದ್ದಾರೆ, ರದ್ದಾದ ಅರ್ಜಿಗೂ ಫೈಲ್ ಇದೆ.

ಪುಸ್ತಕಗಳ ಸ್ಕ್ಯಾನ್ ಫ್ಯಾಮಿಲಿಸರ್ಚ್‌ನಲ್ಲಿದೆ. ಹೆಸರಿನಿಂದ ಹುಡುಕೋಕೆ ಆಗಲ್ಲ, ಜಾಗದಿಂದ ಹೋಗಬೇಕು. ಮನೆಯವರಿಗೆ ಹತ್ತಿರದ ಊರೋ, ಹಳ್ಳವೋ, ಚರ್ಚೋ ನೆನಪಿದೆಯಾ ಕೇಳು. ಅದನ್ನು ನಮ್ಮ ಸರ್ವೇಯರ್ ಸರ್‌ಗೆ ಹೇಳು, ಟೌನ್‌ಶಿಪ್ ನಂಬರ್ ಅವರು ಹಿಡಿದು ಕೊಡುತ್ತಾರೆ. ಆಮೇಲೆ ಪುಟ ಪುಟ ನೋಡೋದಷ್ಟೇ.

ಹಾಸನದ ಸರ್ವೇಯರ್
ಕಳಿಸಿ ತಾಯಿ. ಹಳ್ಳದ ಹೆಸರು ಒಂದಿದ್ದರೂ ಸಾಕು.